ದೊಡ್ಡದು ಮಣ್ಣಿಗೆ

ಮದುವೆಯಾಗಿ ಈ ಮನೆಗೆ ಬಂದ ದಿನ ಹಿರಿಸೊಸೆಯ ಟ್ರಂಕಿನಲ್ಲಿ ನಾಲ್ಕು ಜೊತೆ ಬಟ್ಟೆ, ಒಂದು ಕನ್ನಡಿ, ಹಳೆಯ ಟವೆಲಿನಲ್ಲಿ ಸುತ್ತಿದ ಆರು ಬೆಳ್ಳುಳ್ಳಿ ಗಡ್ಡೆ ಇದ್ದವು. ಟ್ರಂಕು ತೆರೆದದ್ದೇ ತಡ, ಅತ್ತೆ ಮೂಗಿಗೆ ಕೈ ಅಡ್ಡ ಹಿಡಿದರು.

“ಸೊಸೆ ಬಂದ್ರೆ ಮನೆ ಘಮಘಮ ಅನ್ನುತ್ತೆ ಅಂತ ಎಲ್ರೂ ಹೇಳ್ತಿದ್ರು. ಸುಳ್ಳಲ್ಲ ಬಿಡು!”

ಅದಾಗಿ ಇಪ್ಪತ್ತೆಂಟು ವರ್ಷ. ಅಂದು ಮೂಗು ಮುಚ್ಚಿಕೊಂಡ ಅತ್ತೆ ಇಂದು ಅದೇ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಮಂಡಿಗೆ ಬೀಳದೆ ಹಾಸಿಗೆ ಬಿಟ್ಟು ಏಳುವವರಲ್ಲ. ಎಣ್ಣೆ ಹಚ್ಚುವವಳೂ ಹಿರಿಸೊಸೆಯೇ. ಬೀದಿಯಲ್ಲಿ ಯಾರ ಮಗುವಿಗೆ ನೆಗಡಿಯಾಗಲಿ, ಯಾರ ಎದೆಯಲ್ಲಿ ಕಫ ಕಟ್ಟಲಿ, ಬಟ್ಟಲು ಹಿಡಿದು ಬರುವುದು ಇವಳ ಬಾಗಿಲಿಗೆ. ಹೀಗಾಗಿ ಅವಳಿಗೆ ‘ಎಣ್ಣೆಯಮ್ಮ’ ಎಂಬ ಹೆಸರೇ ಬಿದ್ದುಹೋಗಿತ್ತು. ಅವಳ ನಿಜವಾದ ಹೆಸರು ಗಂಡನಿಗಾದರೂ ನೆನಪಿತ್ತೋ ಇಲ್ಲವೋ!

ಅದು ಅಂಗಡಿಯ ಬೆಳ್ಳುಳ್ಳಿಯಂಥದ್ದಲ್ಲ. ನೇರಳೆ ಸಿಪ್ಪೆ, ನಟ್ಟನಡುವೆ ಪೆನ್ಸಿಲಿನಷ್ಟು ಗಟ್ಟಿ ಕಡ್ಡಿ, ಅದರ ಸುತ್ತ ಆರೇ ಆರು ದಪ್ಪ ಎಸಳು. ಒಂದು ಎಸಳು ಜಜ್ಜಿದರೆ ಮೂರನೆಯ ಮನೆಯವರಿಗೆ ಇವತ್ತು ಇಲ್ಲಿ ಏನಡುಗೆ ಎಂದು ಗೊತ್ತಾಗುತ್ತಿತ್ತು. ಬೆಳ್ಳುಳ್ಳಿಗೆ ಬೇರೆ ಬೀಜವಿಲ್ಲ, ಎಸಳೇ ಬೀಜ. ಒಂದು ವರ್ಷ ಮಣ್ಣಿಗೆ ಹಾಕದಿದ್ದರೆ ಆ ತಳಿಯ ಕಥೆ ಅಲ್ಲಿಗೇ ಮುಗಿಯಿತು. ಅದಕ್ಕೇ ಅವಳ ಅಮ್ಮ ಒಂದು ಕಟ್ಟಳೆ ಮಾಡಿದ್ದಳು: ದೊಡ್ಡದು ಮಣ್ಣಿಗೆ, ನಡುವಿನದು ನೆಂಟರಿಗೆ, ಚಿಕ್ಕದು ಒಲೆಗೆ. ಅಮ್ಮ ಹೋಗಿ ಹನ್ನೊಂದು ವರ್ಷ. ಅಣ್ಣ ಆ ಮನೆ ಮಾರಿದ. ಅಮ್ಮನ ಬೆಳ್ಳುಳ್ಳಿ ಮಡಿ ಇದ್ದ ಜಾಗದಲ್ಲಿ ಈಗ ಯಾರದೋ ಕಾರು ನಿಲ್ಲುತ್ತದೆ. ತವರು ಅಂತ ಹಿರಿಸೊಸೆಗೆ ಉಳಿದದ್ದು ಹಿತ್ತಲಿನ ನಾಲ್ಕು ಮಡಿ, ಅಷ್ಟೇ.

ಮನೆಯಲ್ಲಿ ಈ ಬೆಳ್ಳುಳ್ಳಿಯ ಪುರಾಣ ಹೇಳಲು ಮಾವ ಇದ್ದರು. ಲೈಬ್ರರಿಯಲ್ಲಿ ಮೂವತ್ತೈದು ವರ್ಷ ಪುಸ್ತಕಕ್ಕೆ ಸೀಲು ಒತ್ತಿ ನಿವೃತ್ತರಾದವರು. ತಟ್ಟೆಯ ಮುಂದೆ ಕೂತರೆ ಬಾಯಿಗೆ ಎರಡು ಕೆಲಸ.

“ಪಿರಮಿಡ್ ಕಟ್ಟಿದ ಕೂಲಿಗಳಿಗೆ ಬೆಳ್ಳುಳ್ಳಿ ತಿನ್ನೋಕೆ ಕೊಡ್ತಿದ್ರಂತೆ, ಗೊತ್ತಾ?”

“ಅದಕ್ಕೇ ಅಷ್ಟು ಎತ್ತರ ಹೋಗಿದೆ,” ಅತ್ತೆ ಬ್ರೆಡ್ಡು ಮುರಿಯುತ್ತಾ ಹೇಳುವರು. “ಪಕ್ಕದವನ ಬಾಯಿವಾಸನೆ ತಡೀಲಾರದೆ ಒಬ್ಬೊಬ್ಬನೂ ಇನ್ನೊಂದು ಕಲ್ಲು ಮೇಲೆ ಹತ್ತಿರಬೇಕು.”

“ಯುದ್ಧದಲ್ಲಿ ಔಷಧಿ ಸಿಗದಾಗ ಗಾಯಕ್ಕೆ ಇದರ ರಸಾನೇ ಹಚ್ಚಿದ್ರಂತೆ ಕಣೇ. ಬಾಗಿಲಿಗೆ ಕಟ್ಟಿದ್ರೆ ದೆವ್ವ ಬರಲ್ಲ ಅಂತ ಎಷ್ಟೋ ದೇಶದಲ್ಲಿ ನಂಬ್ತಾರೆ.”

“ದೆವ್ವ ಬಿಡಿ ಮಾವ, ನನ್ನ ಲ್ಯಾಬಿನಲ್ಲಿ ಮನುಷ್ಯರೇ ಹತ್ರ ಬರಲ್ಲ,” ಎಂದು ಕಿರಿಸೊಸೆ ನಗುವಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮೈದುನ ಲಾರಿಯ ಮೇಲೆ ಊರೂರು ತಿರುಗುವವನು, ಮನೆಗೆ ಬಂದರೆ ನೆಂಟನ ಹಾಗೆ. ಹಿರಿಸೊಸೆಯ ಗಂಡ ಬೇಕರಿಯ ಒಲೆ ಕಾಯುವವನು. ಊರು ಏಳುವ ಹೊತ್ತಿಗೆ ಬಿಸಿ ಬ್ರೆಡ್ಡು ತಂದಿಟ್ಟು ಮಲಗಿಬಿಡುವನು. ಹೀಗಾಗಿ ಆ ಮನೆ ನಡೆಯುತ್ತಿದ್ದದ್ದು ಮೂವರು ಹೆಂಗಸರ ಕೈಯಲ್ಲಿ. ನಾಲ್ಕನೆಯವಳು ನಾದಿನಿ, ಆರು ಗಂಟೆಯ ಬಸ್ಸಿನ ದಾರಿಯಾಚೆ ಗಂಡನ ಮನೆಯಲ್ಲಿ ಇದ್ದಳು.

ಆ ಇಪ್ಪತ್ತೆಂಟನೆಯ ವರ್ಷ ಬೀದಿಗೆ ಬೀದಿಯೇ ಕೆಮ್ಮಿತು. ನೆಂಟರಿಗೆ ಹೋಗುವುದು ಹೋಗಿ ಉಳಿದ ನಡುವಿನ ಗಡ್ಡೆಗಳನ್ನೂ ಒಲೆಯ ಪಾಲಿನ ಚಿಕ್ಕವನ್ನೂ ಜಜ್ಜಿ ಕಾಸಿ ಹಂಚಿದ್ದಾಯಿತು. ಕೊನೆಯ ಗಡ್ಡೆಯನ್ನು ಎದುರುಮನೆಯ ದರ್ಜಿ ಒಯ್ದ. ಹೋಗಲಿ ಬಿಡು, ಉಗ್ರಾಣದ ಬುಟ್ಟಿಯಲ್ಲಿ ದೊಡ್ಡವು ನಲವತ್ತು ಇವೆಯಲ್ಲ ಎಂದು ಹಿರಿಸೊಸೆ ನಿಶ್ಚಿಂತಳಾಗಿದ್ದಳು. ಉಗ್ರಾಣಕ್ಕೆ ಬೀಗವಿರಲಿಲ್ಲ. ಮನೆಯೊಳಗೆ ಬೀಗ ಯಾರಿಗೆ?

ಚಳಿ ಇಳಿಯುವ ಮೊದಲು ನಾಟಿ. ಎಸಳು ಬಿಡಿಸುವುದು ಮನೆಯ ಹಿರಿಯರ ಕೈಯಿಂದ ಆಗಬೇಕು ಎಂಬುದೂ ಅಮ್ಮನ ಮಾತೇ. ತವರಲ್ಲಿ ಅಜ್ಜಿ ಬಿಡಿಸುತ್ತಿದ್ದಳು, ಇಲ್ಲಿ ಅತ್ತೆ. ಪ್ರತಿ ವರ್ಷ ಅತ್ತೆ ಹಿಂಬಾಗಿಲ ಬಳಿ ಮಣೆ ಹಾಕಿಕೊಂಡು ಕೂತು, “ಇದೇನು ಬೆಳ್ಳುಳ್ಳಿಯೋ ಕಬ್ಬಿಣವೋ, ಉಗುರೆಲ್ಲ ಹೋಯ್ತು!” ಎಂದು ಶಾಪ ಹಾಕುತ್ತಲೇ ಬಿಡಿಸುತ್ತಿದ್ದರು. ಬಿಡಿಸಿದ ಎಸಳು ಬೂದಿ ಕಲಸಿದ ನೀರಿನಲ್ಲಿ ಒಂದು ದಿನ ನೆನೆಯಬೇಕು, ಹುಳ ಮುಟ್ಟದಂತೆ. ನಡುವಿನ ಕಡ್ಡಿಗಳು ಒಲೆ ಹೊತ್ತಿಸಲು.

ಈ ಸಲ ಹಿರಿಸೊಸೆ ಪೇಟೆಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಸಳುಗಳು ಆಗಲೇ ಬಕೆಟ್ಟಿನಲ್ಲಿ, ಮೇಲೆ ಬೂದಿ ತೇಲುತ್ತಿತ್ತು.

“ಅಯ್ಯೋ, ನಾನು ಬರೋವರೆಗೆ ಕಾಯಬಾರದಿತ್ತಾ ಅತ್ತೆ? ಬೆರಳು ನೋಯ್ತಾ?”

“ಇಲ್ಲಮ್ಮ. ಸುಲಭವಾಗೇ ಬಂತು.”

ಮಾರನೆಯ ದಿನ ಬೂದಿ ಮೆತ್ತಿದ ಎಸಳುಗಳನ್ನು ಒಂದೊಂದಾಗಿ, ಬುಡ ಕೆಳಗೆ ಮೂತಿ ಮೇಲೆ ಮಾಡಿ, ನಾಲ್ಕೂ ಮಡಿಗೆ ಊರಿದಳು. ಎಸಳು ಯಾಕೋ ಸಣ್ಣವು ಅನ್ನಿಸಿತು. ಈ ಸಲದ ಬಿಸಿಲೇ ಹಾಗಿತ್ತು ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ವಾರ ಕಳೆಯಿತು. ಎರಡಾಯಿತು. ಮೂರನೆಯ ವಾರಕ್ಕೆ ನಾಲ್ಕು ಮಡಿಗೆ ಸೇರಿ ಎಣಿಸಿ ಹತ್ತು ಕಡೆ ಹುಲ್ಲಿನಂಥ ಎಳೆ ಕಂಡಿತು. ಉಳಿದದ್ದೆಲ್ಲ ಬೋಳು. ಹಿರಿಸೊಸೆ ಬೆರಳಿನಿಂದ ಮಣ್ಣು ಕೆದಕಿ ಒಂದು ಎಸಳು ತೆಗೆದಳು. ಕೊಳೆತಿತ್ತು. ಇನ್ನೊಂದು ತೆಗೆದು ಸೆರಗಿನ ಅಂಚಿಗೆ ಉಜ್ಜಿದಳು. ಬೂದಿ ಹೋಯಿತು. ಒಳಗಿದ್ದದ್ದು ಬಿಳಿ ಸಿಪ್ಪೆಯ, ಕಿರುಬೆರಳ ಉಗುರಿನಷ್ಟು ಎಸಳು. ಅಂಗಡಿಯದು!

ಅವಳು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು. ಆಮೇಲೆ ಎದ್ದು, ಕೈಯನ್ನೂ ತೊಳೆಯದೆ, ಬೀದಿಯ ಬಾಗಿಲು ಬಾಗಿಲಿಗೂ ಹೋದಳು. “ನಮ್ಮ ಬೆಳ್ಳುಳ್ಳಿ ಒಂದು ಎಸಳಾದ್ರೂ ಉಳಿದಿದೆಯಾ?” ದರ್ಜಿಯ ಹೆಂಡತಿ ಡಬ್ಬಗಳನ್ನೆಲ್ಲ ತಲೆಕೆಳಗು ಮಾಡಿ ನೋಡಿದಳು. “ಮೊನ್ನೇನೇ ಮಗೂಗೆ ಹಾಕಿಬಿಟ್ನಲ್ಲ ಎಣ್ಣೆಯಮ್ಮ. ನೀವು ಕೇಳ್ತೀರ ಅಂತ ಯಾರಿಗೆ ಗೊತ್ತಿತ್ತು?” ಕೊಟ್ಟೇ ಗೊತ್ತಿದ್ದವಳು ಕೇಳಲು ಬಂದದ್ದು ಕಂಡು ಜನಕ್ಕೂ ಮುಜುಗರ.

ಗಂಡ ನಿದ್ದೆಗಣ್ಣಿನಲ್ಲಿ ಎದ್ದು ಕೂತು ಕೇಳಿದ. “ಬೆಳ್ಳುಳ್ಳಿ ತಾನೇ? ಮಾರ್ಕೆಟ್ಟಲ್ಲಿ ರಾಶಿ ಬಿದ್ದಿರುತ್ತೆ, ತಂದ್ರಾಯ್ತು.”

“ರೀ, ನಿಮ್ಮಮ್ಮ ಸತ್ರೆ ಮಾರ್ಕೆಟ್ಟಿಂದ ಇನ್ನೊಬ್ಬಳನ್ನ ತರ್ತೀರಾ?”

ಅವನು ಮುಸುಕೆಳೆದು ಮಲಗಿದ.

ಅಡುಗೆಮನೆಯಲ್ಲಿ ಅತ್ತೆ ಪಾತ್ರೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. “ನನಗೆ ಕಣ್ಣು ಮಂಜು. ಬುಟ್ಟಿಯಲ್ಲಿ ಏನಿತ್ತೋ ಅದನ್ನ ಬಿಡಿಸಿದೆ,” ಎಂದರು. ಆಮೇಲೆ ದನಿ ತಗ್ಗಿಸಿ ಸೇರಿಸಿದರು. “ನಾನೇನೂ ಹೇಳಲ್ಲಪ್ಪ. ಆದ್ರೆ ಹಿತ್ತಲಲ್ಲಿ ಸ್ಕೂಟರ್ ನಿಲ್ಸೋಕೆ ಜಾಗ ಬೇಕು ಅಂತಿದ್ದವಳು ಯಾರು? ಆ ವಾಸನೆಗೆ ಸದಾ ಮೂಗು ಮುರಿಯೋಳು ಯಾರು? ನೀನೇ ಯೋಚನೆ ಮಾಡು.”

ಹಿರಿಸೊಸೆ ಯೋಚನೆ ಮಾಡಲಿಲ್ಲ. ಮಾಡಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು. ಸಂಜೆ ಕಿರಿಸೊಸೆ ಸ್ಕೂಟರ್ ಇಳಿದು ಹೆಲ್ಮೆಟ್ ತೆಗೆಯುವಷ್ಟೂ ಪುರುಸೊತ್ತು ಕೊಡಲಿಲ್ಲ.

“ಎಲ್ಲಿಗೆ ಎಸೆದೆ ನನ್ನ ಬೀಜದ ಗಡ್ಡೆನ?”

“ಏನಕ್ಕಾ? ಯಾವ ಗಡ್ಡೆ?”

“ನಾಟಕ ಬೇಡ. ಹಿತ್ತಲು ಖಾಲಿ ಆಗಿದೆ, ಸ್ಕೂಟರ್ ನಿಲ್ಸಿಕೋ ಹೋಗು. ಸಂತೋಷ ಆಯ್ತಾ?”

ಕಿರಿಸೊಸೆಗೆ ವಿಷಯ ತಿಳಿಯಲು ಐದು ನಿಮಿಷ ಹಿಡಿಯಿತು. ತಿಳಿದ ಮೇಲೆ ಅವಳ ಮುಖ ಕೆಂಪೇರಿತು. “ಅಲ್ಲಕ್ಕಾ, ಬಿಡಿಸಿದ್ದು ಯಾರು? ಕಣ್ಣು ಮಂಜು ಅಂದ್ರೆ ಕೈಯೂ ಮಂಜಾ? ನಿಮ್ಮ ಗಡ್ಡೆ ನಡುವೆ ಪೆನ್ಸಿಲ್ಲಿನಂಥ ಕಡ್ಡಿ ಇರುತ್ತಲ್ಲ, ಈ ವರ್ಷ ಆ ಕಡ್ಡಿಗಳೆಲ್ಲಿ? ಒಲೆ ಹತ್ರ ನೋಡಿದ್ರಾ?”

“ವಯಸ್ಸಾದವರ ಮೇಲೆ ಹೊರಿಸ್ತೀಯಾ? ನಾಚಿಕೆ ಆಗಲ್ವಾ ನಿನಗೆ?”

“ನಾಚಿಕೆ ನನಗಾ! ಹದಿನಾಲ್ಕು ವರ್ಷದಿಂದ ಅಕ್ಕಾ ಅಕ್ಕಾ ಅಂತ ನಿಮ್ಮ ಹಿಂದೆ ತಿರುಗಿದ್ದೀನಿ. ತಮಾಷೆಗೆ ವಾಸನೆ ಅಂತ ಅಂದಿದ್ದು ನಿಜ. ಕದಿಯೋಳು ಅಂದ್ಕೊಂಡ್ರಲ್ಲ.”

“ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ. ಇಷ್ಟು ಕೂಗಾಡ್ತಿರೋದು ಯಾಕೆ ಮತ್ತೆ?”

ಅದು ಬಾಯಿಂದ ಬಂದದ್ದೇ ತಡ, ಕಿರಿಸೊಸೆ ಅಡುಗೆಮನೆಗೆ ಹೋದಳು. ತನ್ನ ಪಾತ್ರೆ ನಾಲ್ಕು, ತಟ್ಟೆ ಎರಡು, ಉಪ್ಪಿನ ಡಬ್ಬ ಎತ್ತಿಕೊಂಡು ಕೋಣೆಗೆ ಒಯ್ದಳು. ಮಾರನೆಯ ದಿನ ಒಂದು ಪುಟ್ಟ ಗ್ಯಾಸ್ ಒಲೆ ಬಂತು. ಇಪ್ಪತ್ತೆಂಟು ವರ್ಷ ಒಂದೇ ಒಲೆ ಉರಿದ ಮನೆಯಲ್ಲಿ ಎರಡು ಒಲೆ ಉರಿದವು. ಈ ಗಲಾಟೆ ನಡೆದಷ್ಟು ಹೊತ್ತೂ ಮಾವ ಪೇಪರಿನಿಂದ ತಲೆ ಎತ್ತಿರಲಿಲ್ಲ. ಪೇಪರು ಹಿಂದಿನ ದಿನದ್ದು.

ವಾರಗಳು ಹಾಗೆಯೇ ಉರುಳಿದವು. ಹಿರಿಸೊಸೆ ಬೇಳೆ ಬೇಯಿಸುವಳು, ಬಡಿಸುವಳು, ಅಂಗಡಿಯ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸಿ ಅತ್ತೆಯ ಮಂಡಿಗೆ ತಿಕ್ಕುವಳು. ಬಾಗಿಲಿಗೆ ಬಟ್ಟಲು ಹಿಡಿದು ಬಂದವರನ್ನು ಬರಿಗೈಯಲ್ಲಿ ಕಳಿಸುವಳು. ಗೋಡೆಯ ಆಚೆ ಕಿರಿಸೊಸೆ ಒಬ್ಬಳೇ ಮೊಟ್ಟೆ ಹುರಿದುಕೊಳ್ಳುವ ಚಟಪಟ ಕೇಳುತ್ತಿತ್ತು.

“ಸರಿಯಾಗೇ ಮಾಡಿದೆ ಬಿಡು,” ಅತ್ತೆ ಕಾಲು ಚಾಚಿ ಹೇಳುತ್ತಿದ್ದರು. “ಇನ್ನೂ ಸ್ವಲ್ಪ ಕೆಳಗೆ ತಿಕ್ಕು.”

ಒಂದು ಭಾನುವಾರ ನಾದಿನಿ ಹೇಳದೆ ಕೇಳದೆ ಬಂದಿಳಿದಳು. ಕೈಯಲ್ಲಿ ಒದ್ದೆ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು. ಎಲ್ಲರೂ ಊಟಕ್ಕೆ ಕೂತಿದ್ದರು; ಕಿರಿಸೊಸೆ ಮಾತ್ರ ತನ್ನ ಕೋಣೆಯ ಹೊಸ್ತಿಲಲ್ಲಿ ತಟ್ಟೆ ಹಿಡಿದುಕೊಂಡಿದ್ದಳು.

“ಅತ್ತಿಗೆ, ಮೊದಲು ಇದು ನಿಮಗೆ,” ಎಂದು ನಾದಿನಿ ಕಟ್ಟನ್ನು ಹಿರಿಸೊಸೆಯ ಮಡಿಲಿಗೆ ಹಾಕಿ, ಅವಳ ಎರಡೂ ಕೈ ಹಿಡಿದುಕೊಂಡಳು. “ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗ್ತಿಲ್ಲ. ಎಂಥ ಮನಸ್ಸು ನಿಮ್ಮದು! ನಮ್ಮತ್ತೆ ಊರೆಲ್ಲ ಹೇಳ್ಕೊಂಡು ಬರ್ತಿದ್ದಾರೆ, ನಮ್ಮ ಸೊಸೆಗೆ ತವರಿನವರು ಬೀಜ ಸಮೇತ ಕೊಟ್ಟಿದ್ದಾರೆ ಅಂತ.”

ಹಿರಿಸೊಸೆ ಪೇಪರು ಬಿಚ್ಚಿದಳು. ಎಳೆಯ ಬೆಳ್ಳುಳ್ಳಿ ಸೊಪ್ಪು. ಬೆರಳಗಲದ ದಪ್ಪ ಎಲೆ, ಬುಡದಲ್ಲಿ ನೇರಳೆ ಬಣ್ಣ. ಮುರಿದು ಮೂಗಿಗೆ ಹಿಡಿಯಬೇಕಾಗಲೇ ಇಲ್ಲ. ಆ ವಾಸನೆ ಕೋಣೆ ತುಂಬಿತ್ತು, ಅಮ್ಮನ ಸೆರಗಿನ ವಾಸನೆ.

“ಎಷ್ಟು ಗಡ್ಡೆ ಬಂದಿತ್ತು ನಿನಗೆ?”

“ನಲವತ್ತು! ಅಪ್ಪಾನೇ ತಾನೇ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಕೈಲಿ ಬ್ಯಾಗ್ ಕಳಿಸಿದ್ದು. ಅತ್ತಿಗೇನೇ ಆರಿಸಿ ಕೊಟ್ಟಿದ್ದಾಳೆ ಅಂತ ಅಮ್ಮ ಫೋನಿನಲ್ಲಿ ಹೇಳಿದ್ಲು. ಯಾಕೆ ಅತ್ತಿಗೆ? ಯಾಕೆ ಎಲ್ರೂ ಹೀಗೆ ನೋಡ್ತಿದ್ದೀರ?”

ಹೊಸ್ತಿಲಲ್ಲಿದ್ದ ಕಿರಿಸೊಸೆ ತಟ್ಟೆ ಕೆಳಗಿಟ್ಟಳು. ಮಾವ ಲೋಟದ ನೀರನ್ನು ಗುಟುಕು ಗುಟುಕಾಗಿ ಕುಡಿಯತೊಡಗಿದರು, ಅದು ಮುಗಿಯಲೇಬಾರದು ಎನ್ನುವಂತೆ.

“ಮಾವ,” ಹಿರಿಸೊಸೆ ಕೇಳಿದಳು, “ನಿಮಗೂ ಗೊತ್ತಿತ್ತಾ?”

“ನಾನು... ಬ್ಯಾಗ್ ಕೊಟ್ಟು ಬಾ ಅಂದ್ಲು, ಕೊಟ್ಟು ಬಂದೆ. ಒಳಗೇನಿದೆ ಅಂತ ನಾನು ಬಿಚ್ಚಿ ನೋಡ್ತೀನಾ?”

“ವಾಸನೆ ಬರಲಿಲ್ವಾ?”

ಪಿರಮಿಡ್ಡಿನಿಂದ ಹಿಡಿದು ಯುದ್ಧದವರೆಗೆ ಬೆಳ್ಳುಳ್ಳಿಯ ಬಗ್ಗೆ ಎಲ್ಲ ಗೊತ್ತಿದ್ದ ಮಾವ ಖಾಲಿ ಲೋಟವನ್ನೇ ಮತ್ತೆ ತುಟಿಗೆ ಹಿಡಿದರು.

ಅತ್ತೆ ತಟ್ಟೆಯನ್ನು ಸರಿಸಿದರು. “ಅವರನ್ನ ಯಾಕೆ ಕೇಳ್ತೀಯ? ನಾನೇ ಕೊಟ್ಟಿದ್ದು. ಏನೀಗ?”

“ನನ್ನ ಕೇಳಬಹುದಿತ್ತಲ್ಲ ಅತ್ತೆ.”

“ಕೇಳಬೇಕಾ? ನನ್ನ ಮನೇಲಿ, ನನ್ನ ಸೊಸೆ ಮುಂದೆ ನಾನು ಕೈ ಚಾಚಬೇಕಾ? ಪ್ರತಿ ವರ್ಷ ನನ್ನ ಮಗಳು ಬಂದಾಗ ಏನಿಟ್ಟೆ ನೀನು ಅವಳ ಕೈಗೆ? ನಡುವಿನದು! ನಡುವಿನದು ನೆಂಟರಿಗೆ, ಅಲ್ವಾ? ನಾನು ಹೆತ್ತ ಮಗಳು ಈ ಮನೆಗೆ ನೆಂಟಳೇನೆ? ನೀನು ತವರಿಂದ ಟ್ರಂಕಿನಲ್ಲಿ ತಂದು ಇಪ್ಪತ್ತೆಂಟು ವರ್ಷ ಮೆರೆದೆ. ನನ್ನ ಮಗಳಿಗೂ ತವರಿಂದ ಒಂದು ಬೇಡ್ವಾ?”

ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಳು. “ಅಮ್ಮಾ! ನೀನು... ನನಗೆ ಗೊತ್ತೇ ಇರಲಿಲ್ಲ ಅತ್ತಿಗೆ. ಆಣೆ ಮಾಡ್ತೀನಿ.”

“ನಿನ್ನದೇನೂ ತಪ್ಪಿಲ್ಲ, ಕೂತ್ಕೋ,” ಎಂದು ಹಿರಿಸೊಸೆ ಅತ್ತೆಯ ಕಡೆ ತಿರುಗಿದಳು. “ಒಂದು ಮಾತು ಹೇಳಿದ್ರೆ ಇಪ್ಪತ್ತು ಕೊಡ್ತಿದ್ದೆ. ನಲವತ್ತೂ ತಗೊಂಡ್ರಿ, ಹೋಗಲಿ. ಕೊಳೆಯೋ ಎಸಳಿಗೆ ಬೂದಿ ಬಳಿದು ನನ್ನ ಕೈಗೇ ಕೊಟ್ರಲ್ಲ. ನಾನು ಬಗ್ಗಿ ಬಗ್ಗಿ ಊರ್ತಿದ್ದಾಗ ಮಣೆ ಮೇಲೆ ಕೂತು ನೋಡ್ತಿದ್ರಲ್ಲ ಅತ್ತೆ. ಅಲ್ಲಿಗೂ ಮುಗೀಲಿಲ್ಲ. ಏನೂ ಮಾಡದವಳ ಹೆಸರು ಹೇಳಿದ್ರಿ. ದಿನಾ ನನ್ನ ಕೈಲಿ ಕಾಲು ತಿಕ್ಕಿಸಿಕೊಂಡು, ಸರಿಯಾಗೇ ಮಾಡಿದೆ ಅಂದ್ರಿ.”

“ನಾನು ಹೆಸರು ಹೇಳಿಲ್ಲ. ಯೋಚನೆ ಮಾಡು ಅಂದೆ, ಅಷ್ಟೇ.”

ಒಂದು ಏಟು ಹಾಕಿದ್ದರೂ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ. ಯಾಕೆಂದರೆ ಮಾತು ನಿಜವಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ನಿಜ. ಆದರೆ ಕಲ್ಲು ಎತ್ತಿ ಪಕ್ಕದವಳಿಗೆ ಹೊಡೆದ ಕೈ ಅವಳದೇ.

ಊಟ ಅಲ್ಲಿಗೇ ನಿಂತಿತು. ಹಿರಿಸೊಸೆ ಕೈ ತೊಳೆದು ಕಿರಿಸೊಸೆಯ ಬಾಗಿಲಿಗೆ ಹೋದಳು.

“ತಪ್ಪಾಯ್ತು ಕಣೇ.”

ಕಿರಿಸೊಸೆ ಪುಟ್ಟ ಒಲೆಯನ್ನು ಒರೆಸುತ್ತಿದ್ದಳು. ಒರೆಸುವಷ್ಟು ಕೊಳೆ ಅದರಲ್ಲಿರಲಿಲ್ಲ. “ಪರವಾಗಿಲ್ಲಕ್ಕಾ.”

“ನಾಳೆಯಿಂದ ಒಟ್ಟಿಗೇ ಅಡುಗೆ ಮಾಡೋಣ. ಪಾತ್ರೆ ನಾನೇ ತಂದಿಡ್ತೀನಿ.”

“ಈ ಒಲೆ ಅಭ್ಯಾಸ ಆಗಿಬಿಟ್ಟಿದೆ,” ಎಂದಳು ಕಿರಿಸೊಸೆ. ಕೋಪದಿಂದಲ್ಲ, ರೋಗಿಗೆ ರಿಪೋರ್ಟು ಕೊಡುವಂಥ ದನಿಯಲ್ಲಿ. ಬೈದಿದ್ದರೆ ಹಿರಿಸೊಸೆಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಹಿರಿಸೊಸೆ ಬೆಳಿಗ್ಗೆ ಎಣ್ಣೆ ಕಾಸಿ, ಬಟ್ಟಲನ್ನು ಅತ್ತೆಯ ಹಾಸಿಗೆಯ ಪಕ್ಕ ಇಟ್ಟು ಬರುವಳು. ಎಣ್ಣೆ ಬಿಸಿಯಾಗಿಯೇ ಇರುತ್ತಿತ್ತು. ತಿಕ್ಕುವ ಕೈ ಮಾತ್ರ ಇರಲಿಲ್ಲ. ಅತ್ತೆ ಎರಡು ದಿನ ಗೊಣಗಿದರು, ಮೂರನೆಯ ದಿನ ತಾವೇ ಬಗ್ಗಿ ಹಚ್ಚಿಕೊಂಡರು. ಗಂಡ ಒಮ್ಮೆ ಕೇಳಿಯೂ ಬಿಟ್ಟ.

“ವಯಸ್ಸಾದವಳು, ಇರಲಿ ಬಿಡೇ. ಎಷ್ಟು ದಿನ ಅಂತ ಸಾಧಿಸ್ತೀಯ?”

“ಸಾಧಿಸ್ತಿಲ್ಲ ರೀ. ಊಟಕ್ಕೆ ಹಾಕ್ತಿಲ್ವಾ? ಬಟ್ಟೆ ಒಗೀತಿಲ್ವಾ? ನಂಬಿಕೆ ಒಂದನ್ನ ಬಲವಂತವಾಗಿ ಮಾಡೋಕೆ ಬರಲ್ಲ.”

ಬಿಸಿಲು ಏರಿ ಎಲೆಗಳು ಒಣಗುವ ಕಾಲಕ್ಕೆ ನಾದಿನಿ ಮತ್ತೆ ಬಂದಳು. ಹೋದ ಸಲ ಹೊರಡುವಾಗ ಬೀಜ ವಾಪಸು ತರುತ್ತೇನೆಂದು ಕೊಟ್ಟಿದ್ದ ಮಾತಿಗೆ ತಪ್ಪಲಿಲ್ಲ. ಗೋಣಿಚೀಲದಲ್ಲಿ ನಲವತ್ತು ದೊಡ್ಡ ಗಡ್ಡೆ, ಒಂದಕ್ಕಿಂತ ಒಂದು ದಪ್ಪ. ಹಿರಿಸೊಸೆ ಅವುಗಳಲ್ಲಿ ಇಪ್ಪತ್ತು ಎಣಿಸಿ ವಾಪಸು ಅವಳ ಚೀಲಕ್ಕೇ ಹಾಕಿದಳು.

“ಇಷ್ಟು ಯಾಕೆ ಅತ್ತಿಗೆ? ನಿಮ್ಮದೆಲ್ಲ ನಿಮಗೇ ಸೇರಲಿ ಅಂತ ತಂದೆ.”

“ದೊಡ್ಡದು ಮಣ್ಣಿಗೆ. ನಿನ್ನ ಮಣ್ಣಾದ್ರೇನು, ನನ್ನ ಮಣ್ಣಾದ್ರೇನು. ನೀನು ಮುಚ್ಚಿಡದೆ ಎದುರಿಗೆ ತಂದಿಟ್ಯಲ್ಲ, ಅಷ್ಟು ಸಾಕು.”

ನಾದಿನಿ ಅತ್ತಳು. ಅತ್ತೆ ಕಿಟಕಿಯ ಹತ್ತಿರ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಬೇಕಾದದ್ದೆಲ್ಲ ಕೇಳಿದ್ದರೆ ಸಿಗುತ್ತಿತ್ತು ಎಂದು ಆಗ ಅವರಿಗೆ ಅನ್ನಿಸಿತೋ ಇಲ್ಲವೋ, ಮುಖದಲ್ಲಿ ಏನೂ ಕಾಣಲಿಲ್ಲ.

ಮತ್ತೆ ಚಳಿ ಇಳಿಯುವ ಕಾಲ ಬಂತು. ನಾಟಿಯ ಹಿಂದಿನ ದಿನ ಹಿರಿಸೊಸೆ ಬುಟ್ಟಿ ಹೊತ್ತು ಹಿಂಬಾಗಿಲಿಗೆ ಬಂದರೆ ಅತ್ತೆ ಆಗಲೇ ಮಣೆಯ ಮೇಲೆ ಕೂತಿದ್ದರು. ಉಗುರು ಕತ್ತರಿಸಿಕೊಂಡಿದ್ದರು, ಮಡಿಲಿಗೆ ಹಳೆಯ ಬಟ್ಟೆ ಹಾಸಿಕೊಂಡಿದ್ದರು. ಏನೂ ಆಗಿಯೇ ಇಲ್ಲವೆಂಬಂತೆ ಎರಡೂ ಕೈ ಮುಂದೆ ಚಾಚಿದರು.

ಹಿರಿಸೊಸೆ ಆ ಕೈಗಳನ್ನು ನೋಡಿದಳು. ಮುದಿ ಕೈ, ಬೆರಳ ಗಿಣ್ಣುಗಳು ಊದಿದ್ದವು. ಆದರೂ ಅವರನ್ನು ದಾಟಿ ಹೋಗಿ ಕಿರಿಸೊಸೆಯ ಬಾಗಿಲು ತಟ್ಟಿದಳು.

“ಈ ಸಲ ನೀನು ಬಿಡಿಸಿಕೊಡ್ತೀಯಾ?”

ಕಿರಿಸೊಸೆ ಬುಟ್ಟಿಯನ್ನು ನೋಡಿದಳು, ಹಿಂಬಾಗಿಲಲ್ಲಿ ಚಾಚಿದಂತೆಯೇ ಇದ್ದ ಅತ್ತೆಯ ಕೈಗಳನ್ನು ನೋಡಿದಳು, ಆಮೇಲೆ ಅಕ್ಕನ ಮುಖವನ್ನು. ಒಂದು ಕ್ಷಣ ಅವಳ ಕೈ ಬುಟ್ಟಿಯತ್ತ ಬಂದದ್ದು ನಿಜ. ಬಂದದ್ದು ಅರ್ಧಕ್ಕೇ ನಿಂತಿತು.

“ಬೇಡ ಅಕ್ಕಾ. ನಾಳೆ ಮೊಳಕೆ ಬರಲಿಲ್ಲ ಅಂದ್ರೆ?”

ಹಿರಿಸೊಸೆ ಬುಟ್ಟಿ ಹೊತ್ತು ವಾಪಸು ತಿರುಗಿದಳು. ಅವಳು ಬಾವಿಕಟ್ಟೆಯ ಪಕ್ಕ ನೆಲದ ಮೇಲೆ ಕೂತು ಇಪ್ಪತ್ತು ಗಡ್ಡೆಯನ್ನೂ ಒಬ್ಬಳೇ ಬಿಡಿಸಿದಳು. ಉಗುರು ಕಿತ್ತುಬಂತು. ಕಡ್ಡಿಗಳನ್ನು ಒಂದೊಂದಾಗಿ ಜೋಡಿಸಿ ಕಟ್ಟು ಕಟ್ಟಿದಳು. ಬೂದಿಯನ್ನೂ ತಾನೇ ಜರಡಿ ಹಿಡಿದು, ತಾನೇ ಕಲಸಿ, ಬಕೆಟ್ಟನ್ನು ಉಗ್ರಾಣದಲ್ಲಿಟ್ಟಳು. ಅಂದೇ ಪೇಟೆಯಿಂದ ತಂದಿದ್ದ ಬೀಗವನ್ನು ಬಾಗಿಲಿಗೆ ಹಾಕಿ, ಕೀಲಿಯನ್ನು ಕೊರಳ ದಾರಕ್ಕೆ ಪೋಣಿಸಿಕೊಂಡಳು. ಅತ್ತೆ ಮಣೆಯಿಂದ ಎದ್ದು ಯಾವಾಗ ಒಳಗೆ ಹೋದರೋ ಅವಳು ನೋಡಲಿಲ್ಲ.

ಎರಡೇ ವಾರಕ್ಕೆ ಮೊಳಕೆ ಎದ್ದಿತು. ಇಪ್ಪತ್ತು ಗಡ್ಡೆಯ ನೂರಿಪ್ಪತ್ತು ಎಸಳು, ನೂರಿಪ್ಪತ್ತೂ ಬಂದವು. ಒಂದೂ ಕೈ ಕೊಡಲಿಲ್ಲ. ಬೀದಿಯವರು ಬೇಲಿಯ ಮೇಲಿಂದ ಇಣುಕಿ, “ಅಬ್ಬಾ, ಎಣ್ಣೆಯಮ್ಮನ ಕೈಗುಣವೇ ಕೈಗುಣ!” ಎಂದು ಹೊಗಳಿ ಹೋದರು. ಹಿರಿಸೊಸೆ ಮಣ್ಣಿನ ಕೈ ಒರೆಸಿಕೊಂಡು ಅಡುಗೆಗೆ ಒಳಗೆ ಹೋದಳು. ಗೋಡೆಯ ಆಚೆ ಆಗಲೇ ಇನ್ನೊಂದು ಒಲೆ ಹೊತ್ತಿತ್ತು.